ಸತ್ಯಾಂಶ: ಕ್ಯಾಮೆರಾ ಹತ್ತಿರ ಮಾತ್ರ ನಿಧಾನಿಸಿದರೆ ಸಾಕೇ?

‘ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿ, ಸಾಕು. ಕೆಎ ನಂಬರ್ ಗಾಡಿಗಂತೂ ದಂಡವೇ ಬರಲ್ಲ’ ಎಂಬ ಸಂದೇಶ ಪುಣೆ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಅಲ್ಲಿ ಸರಾಸರಿ ವೇಗವನ್ನೂ ಅಳೆಯುತ್ತಾರೆ. ಎರಡು ಕ್ಯಾಮೆರಾಗಳ ನಡುವೆ 10 ಕಿ.ಮೀ. ಇದೆ ಎಂದುಕೊಳ್ಳಿ. ಕಾರಿನ ಮಿತಿ ಗಂಟೆಗೆ 100 ಕಿ.ಮೀ. ಇರುವಲ್ಲಿ ಇಷ್ಟು ದೂರಕ್ಕೆ 6 ನಿಮಿಷ ಬೇಕು. 5 ನಿಮಿಷಕ್ಕೇ ಮುಟ್ಟಿದರೆ ಸರಾಸರಿ 120; ಕ್ಯಾಮೆರಾ ಕೆಳಗೆ ಆಮೆಯಂತೆ ಹೋಗಿದ್ದರೂ ಲೆಕ್ಕ ಬದಲಾಗದು. ಘಾಟಿಯಲ್ಲಿ ಮಿತಿ ಇನ್ನೂ ಕಡಿಮೆ, ಫಲಕ ನೋಡಿ.

ನೋಂದಣಿ ಮಾಹಿತಿ ದೇಶವ್ಯಾಪಿ ‘ವಾಹನ್’ ದತ್ತಾಂಶದಲ್ಲಿರುವುದರಿಂದ ಕೆಎ ಗಾಡಿಗೂ ಇ-ಚಲನ್ ಬರುತ್ತದೆ. ಹಳೆಯ ಮೊಬೈಲ್ ಸಂಖ್ಯೆ ಇದ್ದರೆ ಎಸ್‌ಎಂಎಸ್ ಮಾತ್ರ ತಲುಪುವುದಿಲ್ಲ, ಬಾಕಿ ಹಾಗೇ ಉಳಿಯುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಕಾರಿನ ಅತಿವೇಗಕ್ಕೆ ದಂಡ 1,000ದಿಂದ 2,000 ರೂಪಾಯಿ.

ಹಾಗಂತ ಬಂದ ಚಲನ್ನೆಲ್ಲ ಸರಿ ಎಂದೇನಿಲ್ಲ. ಕೆಸರು ಮೆತ್ತಿದ ಅಥವಾ ಅಲಂಕಾರದ ಅಕ್ಷರದ ಪ್ಲೇಟಿನಲ್ಲಿ ‘8’ ಯಂತ್ರಕ್ಕೆ ‘ಬಿ’ಯಂತೆ ಕಾಣಬಹುದು. ಆದ್ದರಿಂದ ಕಟ್ಟುವ ಮೊದಲು ಫೋಟೊ ತೆರೆದು ನಂಬರ್, ಗಾಡಿಯ ಬಣ್ಣ, ಜಾಗ, ಸಮಯ ಹೊಂದುತ್ತವೆಯೇ ನೋಡಿ. ಗಾಡಿ ನಿಮ್ಮದಲ್ಲದಿದ್ದರೆ ಹಣ ಕಟ್ಟದೆ, ಆರ್‌ಸಿ ಮತ್ತು ನಿಮ್ಮ ಗಾಡಿಯ ಫೋಟೊ ಸಹಿತ ಮಹಾರಾಷ್ಟ್ರ ಸಂಚಾರ ಪೊಲೀಸರ ‘ಮಹಾಟ್ರಾಫಿಕ್’ ಆ್ಯಪ್‌ನಲ್ಲಿ ತಕರಾರು ಸಲ್ಲಿಸಿ.