ಹುಳುಮನೆ ಬಾಗಿಲಿನ ಶಿಸ್ತು ತೋಟದ ಗೇಟಿಗೂ ಬರಲಿ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕೋಬ್ರಮ್ ಹತ್ತಿರ ಒಂದು ಪೀಚ್ ತೋಟಕ್ಕೆ ಕೆಲಸಕ್ಕೆ ಹೋದ ಮೊದಲ ದಿನ ನನ್ನನ್ನು ಗೇಟಲ್ಲೇ ನಿಲ್ಲಿಸಿದರು. ಬೂಟಿನ ತಳದ ಮಣ್ಣನ್ನು ಬ್ರಷ್‌ನಲ್ಲಿ ಉಜ್ಜಿ ತೆಗೆಯಬೇಕು, ಆಮೇಲೆ ಔಷಧಿ ನೀರಿನ ತೊಟ್ಟಿಯಲ್ಲಿ ಕಾಲಿಡಬೇಕು. ಹಿಂದಿನ ವಾರ ಬೇರೆ ಯಾವ ತೋಟದಲ್ಲಿದ್ದೆ ಅಂತ ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. ಜೊತೆಗಿದ್ದ ಹುಡುಗರಿಗೆ ಕಿರಿಕಿರಿ. ನನಗೆ ಮಾತ್ರ ಶ್ರೀನಿವಾಸಪುರದ ನಮ್ಮ ರೇಷ್ಮೆ ಹುಳುಮನೆ ನೆನಪಾಯಿತು.

ರೇಷ್ಮೆ ಸಾಕುವವರಿಗೆ ಇದು ಹೊಸದಲ್ಲ. ಚಪ್ಪಲಿ ಹೊರಗೆ, ಕೈಕಾಲು ತೊಳೆದು, ಬ್ಲೀಚಿಂಗ್ ನೀರಲ್ಲಿ ಕಾಲಿಟ್ಟೇ ಒಳಗೆ. ಕಿಟಕಿಗೆಲ್ಲ ನೈಲಾನ್ ಬಲೆ. ಸೋದರಮಾವ ಬಂದರೂ ಅಮ್ಮ ಬಾಗಿಲಲ್ಲೇ ತಡೆಯುತ್ತಿದ್ದರು: "ಹುಳ ನಾಲ್ಕನೇ ಜ್ವರ ಎದ್ದಿದೆ ಅಣ್ಣಾ, ಈಗ ಒಳಗೆ ಬೇಡ." ಜ್ವರ ಅಂದರೆ ಹುಳ ಪೊರೆ ಬಿಡುವ ಹಂತ. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಯಾಕೆಂದರೆ ಊಜಿ ನೊಣದ ಹೊಡೆತ ಎಲ್ಲರಿಗೂ ಗೊತ್ತಿತ್ತು. ಆ ನೊಣ ನಮ್ಮ ರಾಜ್ಯದ್ದೇ ಅಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜೊತೆ ಬಂತು. ಹುಳದ ಮೈಮೇಲೆ ಅದು ಇಡುವ ಸೂಜಿಮೊನೆಯಷ್ಟು ಬಿಳಿ ಮೊಟ್ಟೆ, ಆಮೇಲೆ ಅದೇ ಜಾಗದಲ್ಲಿ ಕಪ್ಪು ಚುಕ್ಕೆ. ಅಷ್ಟು ಕಂಡರೆ ಆ ಹುಳದ ಕಥೆ ಮುಗಿದಂತೆ. ಒಂದು ಲೋಡ್ ಗೂಡಿನಿಂದ ಶುರುವಾದದ್ದು ಇವತ್ತಿಗೂ ಹೋಗಿಲ್ಲ.

ಇಲ್ಲಿನ ಪೀಚ್, ಪ್ಲಮ್, ಏಪ್ರಿಕಾಟ್ ಬೆಳೆಗಾರರು ಹೆದರುವುದು ಇಂಥದ್ದಕ್ಕೇ. ಇವೆಲ್ಲ ನಮ್ಮ ಮಾವಿನ ಹಾಗೆ ಒಳಗೆ ಗಟ್ಟಿ ಓಟೆ ಇರುವ ಹಣ್ಣುಗಳು. ಇವರ ದೊಡ್ಡ ಭಯ ಪ್ಲಮ್ ಪಾಕ್ಸ್ ಎಂಬ ವೈರಸ್. ಅದು ಇನ್ನೂ ಆಸ್ಟ್ರೇಲಿಯಾಕ್ಕೆ ಬಂದಿಲ್ಲ. ಬಂದರೆ ಎಲೆ, ಹಣ್ಣಿನ ಮೇಲೆ ಉಂಗುರದಂಥ ಮಚ್ಚೆ ಬೀಳುತ್ತದೆ. ಏಪ್ರಿಕಾಟ್ ಒಡೆದರೆ ಓಟೆಯ ಮೇಲೂ ಬಿಳಿ ಉಂಗುರ. ಮರದಿಂದ ಮರಕ್ಕೆ ಅದನ್ನು ಗಿಡಹೇನು ಹರಡುತ್ತದೆ, ದೂರದೂರಿಗೆ ಕಸಿಕಡ್ಡಿಯಲ್ಲಿ ಮನುಷ್ಯರೇ ಹೊತ್ತೊಯ್ಯುತ್ತಾರೆ. ಔಷಧಿ ಇಲ್ಲ, ಮರ ಕಿತ್ತು ಸುಡುವುದೊಂದೇ ದಾರಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1999ರಲ್ಲಿ ಕಾಣಿಸಿಕೊಂಡಾಗ ಸುಮಾರು 1,600 ಎಕರೆ ತೋಟ ಕಿತ್ತರು. ಅಲ್ಲಿಂದ ಅದು ತೊಲಗಿದ್ದು 2009ರಲ್ಲಿ. ಅದಕ್ಕೇ ಹೊರದೇಶದ ಕಸಿಕಡ್ಡಿ ಇಲ್ಲಿ ನೇರ ನರ್ಸರಿಗೆ ಹೋಗುವ ಹಾಗಿಲ್ಲ. ಮೆಲ್ಬರ್ನ್ ಹೊರವಲಯದ ಮಿಕಲ್‌ಹ್ಯಾಮ್‌ನ ಸರ್ಕಾರಿ ಕೇಂದ್ರದಲ್ಲಿ ಅದನ್ನು ಬೇರೆ ಇಟ್ಟು, ಬೆಳೆಸಿ, ಪರೀಕ್ಷೆ ಮಾಡಿದ ಮೇಲೇ ಹೊರಗೆ.

ಆದರೆ ನನಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇಲ್ಲಿನ ಒಂದು ಒಪ್ಪಂದ. 2005ರಲ್ಲಿ ಸರ್ಕಾರಗಳೂ ಬೆಳೆಗಾರರ ಸಂಘಗಳೂ ಕೂತು ಮಾಡಿಕೊಂಡದ್ದು. ಯಾವ ಪೀಡೆ ಬಂದರೆ ಖರ್ಚಿನಲ್ಲಿ ಯಾರದ್ದು ಎಷ್ಟು ಅನ್ನುವುದು ಅದು ಬರುವ ಮೊದಲೇ ತೀರ್ಮಾನ. ಊರಿಗೆಲ್ಲ ಅಪಾಯ ಅಂದರೆ ಪೂರ್ತಿ ಸರ್ಕಾರದ್ದು. ಬೆಳೆಗಾರರಿಗೇ ಹೆಚ್ಚು ನಷ್ಟ ಅಂದರೆ ಶೇ. 80 ಅವರದ್ದು, ಮಾರಿದ ಹಣ್ಣಿನ ಮೇಲಿನ ಲೆವಿಯಿಂದ ಕಟ್ಟುತ್ತಾರೆ. ಒಪ್ಪಿದ ಯೋಜನೆಯಂತೆ ಮರ ಕಡಿಸಿದರೆ ತೋಟದವರಿಗೆ ಪರಿಹಾರ. ಜೊತೆಗೆ ಹೊಸ ಪೀಡೆ ಕಂಡರೆ ಹೇಳಲು ಇಡೀ ದೇಶಕ್ಕೆ ಒಂದೇ ಫೋನ್ ನಂಬರ್. ನಾನು ಕೆಲಸ ಮಾಡುವ ಶೆಡ್ಡಿನ ಗೋಡೆ ಮೇಲೂ ಅದಿದೆ.

ಈ ಒಪ್ಪಂದ ಯಾಕೆ ಮುಖ್ಯ ಅಂದರೆ, ಹೊಸ ರೋಗ ಮೊದಲು ಕಾಣುವುದು ವಿಜ್ಞಾನಿಗಲ್ಲ, ರೈತನಿಗೆ. ಅವನು ಬಾಯಿಬಿಟ್ಟರೆ ತೋಟ ಹೋಗುತ್ತದೆ, ಕೈಗೆ ಏನೂ ಬರುವುದಿಲ್ಲ ಅಂದರೆ ಸುಮ್ನೆ ಇದ್ದುಬಿಡುತ್ತಾನೆ. ಅದು ಅವನ ತಪ್ಪಲ್ಲ. ನಮ್ಮ ತಂದೆ ಹೀಗೇ ಒಂದು ಸಲ ನರ್ಸರಿಯಿಂದ ಟೊಮೇಟೊ ನಾರು, ಅಂದರೆ ಸಸಿ, ತಂದು ನೆಟ್ಟರು. ಇಪ್ಪತ್ತೇ ದಿನಕ್ಕೆ ಎಲೆಯೆಲ್ಲ ಮುದುರಿತು. ಹೇಳಿದರೆ ಯಾರು ಕೇಳುತ್ತಾರೆ ಅಂತ ರಾತ್ರೋರಾತ್ರಿ ಉತ್ತುಬಿಟ್ಟರು. ಅದೇ ನರ್ಸರಿಯಿಂದ ಅದೇ ವಾರ ಊರಲ್ಲಿ ಇನ್ನೂ ನಾಲ್ಕು ಮನೆಯವರು ನಾರು ತಂದಿದ್ದರು.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಬೆಳೆಗೆ ಹಾನಿ ಮಾಡುವ ಕೀಟ, ಪೀಡೆಗಳ ಬಗ್ಗೆ 1914ರ ಕಾಯ್ದೆ ಇದೆ, ಬಂದರುಗಳಲ್ಲಿ ತಪಾಸಣೆ ಇದೆ. ಕೃಷಿ ಜೈವಿಕ ಭದ್ರತೆಗೆ ಅಂತಲೇ 2013ರಲ್ಲಿ ಲೋಕಸಭೆಗೆ ಒಂದು ಮಸೂದೆ ಬಂತು, ಪಾಸಾಗದೆ ಬಿದ್ದುಹೋಯಿತು. 2018ರಲ್ಲಿ ಮೆಕ್ಕೆಜೋಳದ ಸೈನಿಕ ಹುಳು ದೇಶದಲ್ಲೇ ಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗದಲ್ಲಿ. ಗುರುತಿಸಿದ ವಿಜ್ಞಾನಿಗಳು ನಮ್ಮವರೇ, ತಡೆಯಲು ಮಾತ್ರ ಆಗಲಿಲ್ಲ.

ಇಲ್ಲಿಯವರೂ ಎಲ್ಲ ಸಲ ಗೆದ್ದಿಲ್ಲ. ಅದೇ ಸೈನಿಕ ಹುಳು 2020ರಲ್ಲಿ ಇಲ್ಲಿಗೂ ಬಂತು, ಇಲ್ಲೇ ಉಳಿಯಿತು. ಜೇನಿನ ವರೋವಾ ನುಸಿ 2022ರಲ್ಲಿ ನ್ಯೂಕ್ಯಾಸಲ್ ಬಂದರಲ್ಲಿ ಸಿಕ್ಕಿತು. ಸಾವಿರಾರು ಪೆಟ್ಟಿಗೆ ನಾಶ ಮಾಡಿದರೂ ಮರುವರ್ಷ ಕೈಚೆಲ್ಲಬೇಕಾಯಿತು. ಆದರೆ 1995ರಲ್ಲಿ ಕೇರ್ನ್ಸ್ ಹತ್ತಿರ ಪರಂಗಿ ಹಣ್ಣಿನ ನೊಣ ಬಂದಾಗ ಪೂರ್ತಿ ನಿರ್ಮೂಲ ಮಾಡಿದರು. ಬಳಸಿದ್ದು ಏನು ಗೊತ್ತಾ? ಗಂಡು ನೊಣಗಳನ್ನು ಸೆಳೆಯುವ ಮೀಥೈಲ್ ಯೂಜಿನಾಲ್. ನಮ್ಮ ಕಡೆ ಮಾವಿನ ತೋಪಲ್ಲಿ ನೇತುಹಾಕುವ ಮೋಹಕ ಬಲೆಯಲ್ಲಿ ಇರುವುದೂ ಅದೇ. ಆದರೆ ನಾನು ಹಾಕುತ್ತೇನೆ, ಪಕ್ಕದವರು ಹಾಕುವುದಿಲ್ಲ. ಅಲ್ಲಿ ಇಡೀ ಸೀಮೆಗೇ ಹಾಕಿ, ಹಣ್ಣು ಹೊರಗೆ ಹೋಗದ ಹಾಗೆ ರಸ್ತೆಯಲ್ಲಿ ತಡೆದರು.

ಹಾಗಾಗಿ ನಾನು ಕೇಳುವುದು ಹೊಸ ಯಂತ್ರವನ್ನಲ್ಲ, ಹೊಸ ಔಷಧಿಯನ್ನೂ ಅಲ್ಲ. ಹುಳುಮನೆಗಿರುವ ಕಟ್ಟುನಿಟ್ಟು ನರ್ಸರಿಗೂ ತೋಪಿಗೂ ಬರಲಿ. ಹೊಸ ರೋಗ ಹೇಳಿಕೊಂಡ ರೈತನಿಗೆ ಪರಿಹಾರ ಖಾತ್ರಿ ಇರಲಿ. ಕೋಳಿಜ್ವರದಲ್ಲಿ ಕೊಂದ ಕೋಳಿಗೆ ಸರ್ಕಾರ ದುಡ್ಡು ಕೊಡುತ್ತದೆ ಅಲ್ವಾ? ಕಿತ್ತ ಗಿಡಕ್ಕೂ ಕೊಡಬಹುದು.

ಇಲ್ಲಿರುವ ನಮ್ಮ ಕನ್ನಡದವರಿಗೂ ಒಂದು ಮಾತು. ಯುಗಾದಿಗೆ ಊರಿಂದ ಬರುವಾಗ ಮಾವಿನೆಲೆ, ಹಸಿ ಕರಿಬೇವು ಪೆಟ್ಟಿಗೆಯಲ್ಲಿ ಅಡಗಿಸಿ ತರಬೇಡಿ. ಮರೆತು ಬಂದಿದ್ದರೆ ಬಂದಿಳಿಯುವಾಗ ತುಂಬುವ ಕಾರ್ಡಿನಲ್ಲಿ ಬರೆದು ತೋರಿಸಿಬಿಡಿ. ಹೋದ ವರ್ಷ ಅಮ್ಮ ಬಂದಾಗ ಚೀಲದ ತಳದಲ್ಲಿ ಒಂದು ಕಟ್ಟು ಮಾವಿನೆಲೆ ಇತ್ತು. ಅವರೇ ತೆಗೆದು ಕೊಟ್ಟರು. ಆಫೀಸರಮ್ಮ ಥ್ಯಾಂಕ್ಸ್ ಹೇಳಿ ತೊಟ್ಟಿಗೆ ಹಾಕಿದರು. ಹೊರಗೆ ಬಂದ ಮೇಲೆ ಅಮ್ಮ ಹೇಳಿದ್ದು ಇಷ್ಟೇ: "ಇವರೂ ಹುಳ ಸಾಕೋರ ಥರಾನೇ ಕಣೋ."