ಖಾಲಿ ರೂಮಿಗೂ ಟಿಕೆಟ್ಟಾ ಅಂತ ಕೇಳಿದವರಿಗೆ

ನಿನ್ನೆ ಸಂಜೆಯಿಂದ ತಡ್ಕೊಂಡಿದೀನಿ, ಇನ್ನಾಗಲ್ಲ, ಬರೆದೇ ಬಿಡ್ತೀನಿ. ಭಾವ ಫೇಸ್‌ಬುಕ್‌ನಲ್ಲಿಲ್ಲ, ಅವರದ್ದೆಲ್ಲ ವಾಟ್ಸಾಪ್ ಯೂನಿವರ್ಸಿಟಿ, ಅದೊಂದು ಧೈರ್ಯ. ಅಕ್ಕ ಇದಾರೆ. ಅಕ್ಕಾ, ನೀವು ಓದಿ, ಆದ್ರೆ ದಯವಿಟ್ಟು ಮನೇಲಿ ಜೋರಾಗಿ ಓದಿ ಹೇಳ್ಬೇಡಿ.

ನಾನು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ಗೆ ಬಂದಾಗಿಂದ ಊರಿಂದ ಬರೋರಿಗೆಲ್ಲ ಬಿಟ್ಟಿ ಗೈಡ್ ಆಗಿರೋದು ನಿಮಗೆಲ್ಲ ಗೊತ್ತೇ ಇದೆ. ಟ್ಯೂಲಿಪ್, ಗಾಳಿಗಿರಣಿ, ಬೋಟ್, ಚೀಸ್ ಅಂಗಡಿ. ಇದರ ಮಧ್ಯೆ ಆನ್ ಫ್ರಾಂಕ್ ಮನೆ, ಎರಡನೇ ಮಹಾಯುದ್ಧದಲ್ಲಿ ಆ ಯಹೂದಿ ಹುಡುಗಿ ನಾಜಿಗಳಿಂದ ಬಚ್ಚಿಟ್ಕೊಂಡು ಡೈರಿ ಬರೆದ ಜಾಗ, ಈಗ ಮ್ಯೂಸಿಯಂ. ಈ ಟಿಕೆಟ್ ಹೋಗಿ ಕೌಂಟರ್‌ನಲ್ಲಿ ಕೇಳಿದ್ರೆ ಸಿಗಲ್ಲ, ಆನ್‌ಲೈನ್ ಮಾತ್ರ. ಪ್ರತಿ ಮಂಗಳವಾರ ಬೆಳಗ್ಗೆ ಹತ್ತಕ್ಕೆ, ಆರು ವಾರ ಆಚೆಗಿನ ದಿನಗಳಿಗೆ ಬಿಡ್ತಾರೆ. ನಾನು ಆಫೀಸ್ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಕ್ಯೂನಲ್ಲಿ ಕೂತು ತತ್ಕಾಲ್ ಬುಕ್ ಮಾಡೋ ಥರ ಬುಕ್ ಮಾಡಿದ್ದು.

ಅಷ್ಟೆಲ್ಲ ಆಗಿ ಒಳಗೆ ಹೋಗಿ, ಮೆಟ್ಟಿಲು ಹತ್ತಿ ಇಳಿದು, ಸುಮಾರು ಒಂದು ಗಂಟೆ ಸುತ್ತಿ ಆಚೆ ಬಂದ ಮೇಲೆ ಭಾವ ಜರ್ಕಿನ್ ಜಿಪ್ ಎಳ್ಕೊಳ್ತಾ ಹೇಳಿದ್ದು, "ಏನಮ್ಮಾ ಇದು, ಒಳಗೆ ಏನೂ ಇಲ್ವಲ್ಲ! ಒಂದು ಮಂಚ ಇಲ್ಲ, ಕುರ್ಚಿ ಇಲ್ಲ. ಖಾಲಿ ರೂಮು ತೋರ್ಸೋಕೆ ಇಷ್ಟು ದುಡ್ಡಾ? ನಮ್ಮ ಕುಪ್ಪಳಿಗೆ ಹೋಗಿ ನೋಡು, ಕವಿಮನೆನ ಹೆಂಗಿಟ್ಟಿದಾರೆ."

ನಾನು ಏನೂ ಮಾತಾಡ್ಲಿಲ್ಲ. ಭಾವ ಅಲ್ವಾ. ನಕ್ಕೆ. ಕೆಫೆಗೆ ಕರ್ಕೊಂಡು ಹೋಗಿ ಆಪಲ್ ಪೈ ಕೊಡಿಸಿದೆ. ಪೈ ಚೆನ್ನಾಗಿತ್ತಂತೆ.

ಅವರೊಬ್ಬರೇ ಆಗಿದ್ರೆ ಬಿಟ್ಬಿಡ್ತಿದ್ದೆ. ನಾನು ಕರ್ಕೊಂಡು ಹೋದವರಲ್ಲಿ ಅರ್ಧ ಜನ ಇದನ್ನೇ ಹೇಳಿದಾರೆ, ಬೇರೆ ಬೇರೆ ಊರಿನ ಕನ್ನಡದಲ್ಲಿ. ಆನ್‌ಲೈನ್ ರಿವ್ಯೂ ತೆಗೆದ್ರೆ ಪ್ರಪಂಚದ ಎಲ್ಲ ಭಾಷೆಲೂ ಇದೇ ಗೋಳು. ಏನೂ ಇಲ್ಲ, ಏನೂ ಇಲ್ಲ, ಏನೂ ಇಲ್ಲ. ಅಲ್ಲ ಸ್ವಾಮಿ, ಏನಿರ್ಬೇಕಿತ್ತು ಅಲ್ಲಿ?

ಆ ಸಾಮಾನು ಎಲ್ಲಿ ಹೋಯ್ತು ಅಂತ ಒಬ್ಬರಾದ್ರೂ ಕೇಳ್ತಾರಾ? 1942 ಜುಲೈ 6ರಿಂದ 1944 ಆಗಸ್ಟ್ 4ರವರೆಗೆ ಪ್ರಿನ್ಸೆನ್‌ಗ್ರಾಖ್ಟ್ 263ರ ಆ ಹಿಂಬದಿ ಮನೇಲಿ ಎಂಟು ಜನ ಬದುಕಿದ್ರು. ಆನ್ ಅಪ್ಪ ಒಟ್ಟೋ, ಅಮ್ಮ ಎಡಿತ್, ಅಕ್ಕ ಮಾರ್ಗೋ, ಆನ್, ವಾನ್ ಪೆಲ್ಸ್ ದಂಪತಿ, ಅವರ ಮಗ ಪೀಟರ್, ಆಮೇಲೆ ಬಂದು ಸೇರಿದ ಹಲ್ಲಿನ ಡಾಕ್ಟರ್ ಫ್ರಿಟ್ಸ್ ಫೆಫರ್. ಮಂಚ ಇತ್ತು, ಮೇಜಿತ್ತು, ಪಾತ್ರೆ ಪಗಡಿ ಎಲ್ಲ ಇತ್ತು. ಹಿಡ್ಕೊಂಡು ಹೋದ ಮೇಲೆ ನಾಜಿಗಳು ಲಾರಿ ತರಿಸಿ ಎಲ್ಲಾ ಗುಡಿಸಿ ಹೊತ್ಕೊಂಡು ಹೋದ್ರು. ಈ ಒಂದು ಮನೆ ಕಥೆ ಅಷ್ಟೇ ಅಂದ್ಕೋಬೇಡಿ, ಈ ದೇಶದಲ್ಲಿ ಯಹೂದಿಗಳನ್ನ ಸಾಗಿಸಿದ ಮನೆಗಳನ್ನೆಲ್ಲ ಹಿಂಗೇ ಖಾಲಿ ಮಾಡಿದ್ದು, ಎಷ್ಟೋ ಸಾಮಾನು ಜರ್ಮನಿಗೆ ಹೋಯ್ತು, ಬಾಂಬ್ ಬಿದ್ದು ಮನೆ ಕಳ್ಕೊಂಡ ಅಲ್ಲಿಯವರಿಗೆ ಹಂಚೋಕೆ. ಯಾರದ್ದೋ ಊಟದ ಮೇಜಿನ ಮೇಲೆ ಇನ್ಯಾರೋ ಕೂತು ಊಟ ಮಾಡಿದಾರೆ. ನೆದರ್‌ಲ್ಯಾಂಡ್ಸ್‌ನಿಂದ ಸಾಗಿಸಿದ್ದು 1 ಲಕ್ಷ 7 ಸಾವಿರ ಜನರನ್ನ. ಜೀವಂತ ವಾಪಸ್ ಬಂದವರು ಐದು ಸಾವಿರ ಚಿಲ್ಲರೆ. ಈ ಮನೆಯ ಎಂಟು ಜನರಲ್ಲಿ ಒಬ್ಬರೇ, ಒಟ್ಟೋ.

ಆ ಒಟ್ಟೋನೇ ಹೇಳಿದ್ದು, ರೂಮು ಖಾಲಿನೇ ಇರಲಿ ಅಂತ. 50ರ ದಶಕದಲ್ಲಿ ಈ ಕಟ್ಟಡ ಕೆಡವೋದ್ರಲ್ಲಿದ್ರು, ಊರಿನ ಜನ ಗಲಾಟೆ ಮಾಡಿ ಉಳಿಸ್ಕೊಂಡ್ರು, 1957ರಲ್ಲಿ ಒಂದು ಫೌಂಡೇಶನ್ ಆಯ್ತು, 1960 ಮೇ 3ಕ್ಕೆ ಮ್ಯೂಸಿಯಂ ತೆರೀತು. ಆ ಮನುಷ್ಯನಿಗೆ ಬೇಕಿದ್ರೆ ಹಳೇ ಮಾರ್ಕೆಟ್‌ನಲ್ಲಿ ಅಂಥದ್ದೇ ಮಂಚ, ಅಂಥದ್ದೇ ದೀಪ ತಂದಿಡೋದು ಏನು ಮಹಾ? ಯಾವುದು ಎಲ್ಲಿತ್ತು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವರು ಹೇಳಿದ ಪ್ರಕಾರನೇ ರೂಮುಗಳ ಪುಟ್ಟ ಮಾಡೆಲ್ ಮಾಡಿಸಿಟ್ಟಿದಾರೆ, ಅದೂ ಅಲ್ಲೇ ಇದೆ, ಬೆರಳುದ್ದದ ಮಂಚ ಕುರ್ಚಿ ಸಮೇತ. ಎಲ್ಲ ನೆನಪಿದ್ದೂ ಆ ರೂಮಿಗೆ ಒಂದು ಸ್ಟೂಲ್ ಕೂಡ ವಾಪಸ್ ತರಲಿಲ್ಲ. ಕದ್ದುಕೊಂಡು ಹೋಗಿದ್ದು ಹೋಗಿದೆ ಅಂತ ತೋರಿಸ್ಬೇಕಿತ್ತು ಅವರಿಗೆ. ನಾವು ಅದರ ಮುಂದೆ ನಿಂತ್ಕೊಂಡು ಫರ್ನಿಚರ್ ಶೋರೂಮ್‌ಗೆ ಬಂದವರ ಹಾಗೆ ಮೂಗು ಮುರೀತೀವಿ.

ಇನ್ನು ಕುಪ್ಪಳಿ. ಭಾವಾ, ನನಗೂ ಕವಿಮನೆ ಅಂದ್ರೆ ಪ್ರಾಣ. ಆ ಅಡುಗೆಮನೆ, ಆ ತೊಟ್ಟಿ, ಕುವೆಂಪು ಮದುವೆ ಮಂಟಪ ಎಲ್ಲ ನೋಡಿ ಖುಷಿಪಟ್ಟಿದೀನಿ. ಆದ್ರೆ ಅಲ್ಲಿ ತಲೆಮಾರುಗಟ್ಟಲೆ ಜನ ಹುಟ್ಟಿದ್ರು, ಮದುವೆ ಆದ್ರು, ವಯಸ್ಸಾಗಿ ಸತ್ರು. ತುಂಬಿದ ಮನೆ, ಅದಕ್ಕೇ ತುಂಬಿದ ಮ್ಯೂಸಿಯಂ. ಇಲ್ಲಿ ಯಾರಿಗೂ ವಯಸ್ಸಾಗಲಿಲ್ಲ. ಎರಡನ್ನೂ ಒಂದೇ ತಕ್ಕಡೀಲಿ ಹಾಕ್ತೀರಲ್ಲ!

ಸರಿ, ಈಗ ಯಾರಿಗೂ ಹೇಳದ ಒಂದು ವಿಷಯ. ಆ ಮನೇಲಿ ನನಗೆ ಅಳು ಬರಲ್ಲ, ಮೊದಲ ಸಲನೂ ಬರಲಿಲ್ಲ. ನನ್ನ ಪಕ್ಕದಲ್ಲಿ ಜನ ಟಿಶ್ಯೂ ಹುಡುಕ್ತಿರ್ತಾರೆ, ನನ್ನ ಕಣ್ಣು ನೆಲದ ಮೇಲಿರುತ್ತೆ. ಮರದ ನೆಲ. ಇಲ್ಲಿನ ಹಳೇ ಮನೆಗಳಲ್ಲಿ ಇದ್ದವರಿಗೆ ಗೊತ್ತು, ಮೇಲೆ ಯಾರಾದ್ರೂ ಬೆಕ್ಕಿನ ಹೆಜ್ಜೆ ಇಟ್ಟರೂ ಕೆಳಗೆ ಕೇಳುತ್ತೆ. ನಾವು ಬಂದ ಹೊಸದ್ರಲ್ಲಿ ಇದ್ದ ಬಾಡಿಗೆ ಮನೆಗೆ ಕೆಳಗಿನ ಮನೆ ಅಜ್ಜಿ ಚೀಟಿ ಅಂಟಿಸಿ ಹೋಗ್ತಿದ್ರು, ನಿಮ್ಮ ಮಗು ಓಡಾಡೋ ಸದ್ದು ಜಾಸ್ತಿ ಆಯ್ತು ಅಂತ. ಮಗಳಿಗೆ ಆಗ ಮೂರು ವರ್ಷ. ಓಡಬೇಡ ಓಡಬೇಡ ಅಂತ ನಾನು ಹಿಂದೆ ಓಡೋದು, ಅದರ ಸದ್ದಿಗೆ ಇನ್ನೊಂದು ಚೀಟಿ. ಕಾರ್ಪೆಟ್ ಹಾಕಿದ್ವಿ, ದಪ್ಪ ಸಾಕ್ಸ್ ಹಾಕಿದ್ವಿ, ಕೊನೆಗೆ ಮನೆನೇ ಬದಲಾಯಿಸಿದ್ವಿ. ಒಂದು ಮಗುನ ಒಂದು ಸಂಜೆ ಮಟ್ಟಿಗೆ ಸುಮ್ನೆ ಕೂರಿಸೋಕೆ ನನ್ನ ಕೈಲಿ ಆಗಲಿಲ್ಲ.

ಈ ಎಂಟು ಜನ ಕೆಲಸದ ದಿನಗಳಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಹಂಗೇ ಇದ್ರು. ಕೆಳಗೆ ಜ್ಯಾಮ್‌ಗೆ ಹಾಕೋ ಪೆಕ್ಟಿನ್, ಮಸಾಲೆ ಸಾಮಾನಿನ ವ್ಯಾಪಾರ ನಡೀತಿತ್ತು. ಆಫೀಸಿನ ನಾಲ್ಕು ಜನಕ್ಕೆ ವಿಷಯ ಗೊತ್ತಿತ್ತು, ಮೀಪ್ ಗೀಸ್, ಬೆಪ್ ವೋಸ್ಕಾಯ್ಲ್, ಕ್ಲೈಮನ್, ಕುಗ್ಲರ್. ಆದ್ರೆ ಗೋಡೌನ್ ಕೆಲಸಗಾರರಿಗೆ ಗೊತ್ತಾಗೋ ಹಾಗಿರಲಿಲ್ಲ. ಅವರು ಇರೋವಷ್ಟು ಹೊತ್ತು ನಲ್ಲಿ ಬಿಡೋ ಹಾಗಿಲ್ಲ, ಟಾಯ್ಲೆಟ್ ಫ್ಲಶ್ ಮಾಡೋ ಹಾಗಿಲ್ಲ, ಕೆಮ್ಮು ಬಂದ್ರೆ ನುಂಗ್ಕೋಬೇಕು. ಹದಿಮೂರು ವರ್ಷದ ಹುಡುಗಿ, ಹದಿನಾರರ ಅಕ್ಕ, ಹದಿನೈದರ ಹುಡುಗ. ಎರಡು ವರ್ಷದ ಮೇಲೆ ಒಂದು ತಿಂಗಳು. ಮಂಚ ಮೇಜು ತುಂಬಿಸಿಟ್ಟಿದ್ರೆ ನಾನು ಮಂಚದ ಚಾದರ ನೋಡ್ಕೊಂಡು ಮುಂದೆ ಹೋಗ್ತಿದ್ದೆ. ಏನೂ ಇಲ್ಲದೆ ಇರೋದ್ರಿಂದನೇ ಮುಂದಿನವರ ಶೂ ಕಿರ್ ಅನ್ನೋದು ಕೇಳುತ್ತೆ, ಎದೆ ಧಸಕ್ ಅನ್ನುತ್ತೆ. ಭಾವ ಅಲ್ಲಿ ಎಷ್ಟು ಜೋರಾಗಿ ನಡೆದ್ರು ಅಂದ್ರೆ... ಬೇಡ, ಬಿಡಿ.

ಮತ್ತೆ, ಏನೂ ಇಲ್ಲ ಅನ್ನೋದೇ ಸುಳ್ಳು ಕಣ್ರೀ! ಬಾಗಿಲು ಮುಚ್ಚೋಕೆ ಬೆಪ್ ಅವರ ಅಪ್ಪ ಯೋಹಾನ್ ಮಾಡಿಕೊಟ್ಟ ಪುಸ್ತಕದ ಕಪಾಟು ಇದೆ, ಅಸಲಿದು, ಅದರ ಹಿಂದೆನೇ ಹಿಂಬದಿ ಮನೆಗೆ ಹೋಗೋ ದಾರಿ. ಆನ್ ರೂಮಿನ ಗೋಡೇಲಿ ಅವಳು ಅಂಟಿಸಿದ ಸಿನಿಮಾ ನಟಿಯರು, ಆಗಿನ್ನೂ ರಾಜಕುಮಾರಿ ಆಗಿದ್ದ ಎಲಿಜಬೆತ್ ಫೋಟೋ. ಆನ್ ಕೂಡಿಟ್ಟಿದ್ದ ಚಿತ್ರಗಳನ್ನೆಲ್ಲ ಅಪ್ಪ ಮೊದಲೇ ತಂದಿಟ್ಟಿದ್ರಂತೆ, ಗೋಡೆ ಬೋಳಾಗಿ ಕಾಣಬಾರದು ಅಂತ ಅವಳು ಅಂಟಿಸಿದ್ಲು. ಒಟ್ಟೋ ಪೇಪರ್‌ನಿಂದ ಕತ್ತರಿಸಿದ ನಾರ್ಮಂಡಿ ಮ್ಯಾಪ್ ಇದೆ, ಮಿತ್ರಪಡೆ ಎಲ್ಲಿವರೆಗೆ ಬಂತು ಅಂತ ಪಿನ್ ಚುಚ್ಚಿದ್ದು. ಅದರ ಹತ್ತಿರನೇ ಗೋಡೆ ಮೇಲೆ ಪೆನ್ಸಿಲ್ ಗೀಟು, ಮಕ್ಕಳ ಎತ್ತರ ಅಳೆದಿದ್ದು. ಆನ್ ಅಲ್ಲಿದ್ದಾಗ 13 ಸೆಂಟಿಮೀಟರ್‌ಗಿಂತ ಜಾಸ್ತಿ ಬೆಳೆದಿದ್ಲು. ಹೊರಗೆ ಕಾಲಿಡದೆ, ಸರಿಯಾದ ಊಟ ಇಲ್ಲದೆ. ನಾವೂ ಮಾಡ್ತೀವಲ್ಲ, ಬಾಗಿಲ ಚೌಕಟ್ಟಿಗೆ ಮಗುನ ನಿಲ್ಲಿಸಿ ಗೀಟು ಹಾಕೋದು, ಮುಂದಿನ ವರ್ಷ ಒಂದು ಇದ್ದೇ ಇರುತ್ತೆ ಅನ್ನೋ ನಂಬಿಕೆ ಮೇಲೆ. ಇಷ್ಟೂ ಆ ಏನೂ ಇಲ್ಲದ ರೂಮುಗಳಲ್ಲೇ ಇರೋದು.

ಹಾಂ, ಈಗ ಯಾರಾದ್ರೂ ಕಾಮೆಂಟ್‌ನಲ್ಲಿ ಬಂದು ಹೇಳ್ತೀರಿ, ನ್ಯೂಯಾರ್ಕ್‌ನಲ್ಲಿ ತುಂಬಿಸಿ ತೋರಿಸಿದ್ರಲ್ಲ ಅಂತ. ಹೌದು, 2025 ಜನವರಿ 27ಕ್ಕೆ ಅಲ್ಲಿ ಒಂದು ಪ್ರದರ್ಶನ ತೆರೆದಿದ್ದು, ಈ ಹಿಂಬದಿ ಮನೆದೇ ಪೂರ್ತಿ ಅಳತೆಯ ನಕಲು, ಮಂಚ ಮೇಜು ಸಮೇತ, ಇದೇ ಮ್ಯೂಸಿಯಂನವರೇ ಮಾಡಿದ್ದು. ಆಮ್‌ಸ್ಟರ್‌ಡ್ಯಾಮ್‌ಗೆ ಬರಕ್ಕಾಗದ ಮಕ್ಕಳಿಗೆ ಒಳ್ಳೇದೇ, ನಾನೇನೂ ಬೇಡ ಅನ್ನಲ್ಲ. ಆದ್ರೆ ಅದು ನಕಲು, ನಕಲಿಗೆ ಸಾಮಾನು ಬೇಕು, ಇಲ್ಲಾಂದ್ರೆ ಅಲ್ಲಿರೋದು ಬರೀ ಪ್ಲೈವುಡ್ ಆಗಿಬಿಡುತ್ತೆ. ಅಸಲಿ ಗೋಡೆ ಇರೋ ಕಡೆ ಅದು ಯಾಕೆ? "ಮಕ್ಕಳಿಗೆ ಅರ್ಥ ಆಗಲ್ಲ" ಅಂತಾರೆ ಇನ್ನು ಕೆಲವರು. ನನ್ನ ಮಗಳಿಗೆ ಅರ್ಥ ಆಯ್ತು. ಒಳಗಿದ್ದಷ್ಟೂ ಹೊತ್ತು ಒಂದೇ ಒಂದು ಪ್ರಶ್ನೆ ಕೇಳಿದ್ಲು, ಅದೂ ಪಿಸುಮಾತಲ್ಲಿ, "ಅವರು ಸೀನು ಬಂದ್ರೆ ಏನ್ ಮಾಡ್ತಿದ್ರು?" ಐವತ್ತೆಂಟರ ಭಾವನಿಗೆ ಅರ್ಥ ಆಗದೇ ಇದ್ರೆ ಅದು ರೂಮಿನ ತಪ್ಪಾ?

ಭಾವನಿಗೆ ಇಂಟರೆಸ್ಟ್ ಬಂದಿದ್ದು ಒಂದೇ ಕಡೆ, ಹಿಡ್ಕೊಟ್ಟಿದ್ದು ಯಾರು ಅಂತ. ಟ್ರಾಮ್‌ನಲ್ಲಿ ಅದನ್ನೇ ಕೇಳಿದ್ದು ಕೇಳಿದ್ದು. ಅದು ಇವತ್ತಿಗೂ ಖಚಿತ ಆಗಿಲ್ಲ ಭಾವ ಅಂದೆ. 2022ರಲ್ಲಿ ಒಂದು ತಂಡ ಯಹೂದಿ ನೋಟರಿ ಒಬ್ಬರ ಕಡೆ ಬೆರಳು ತೋರಿಸ್ತು, ಇತಿಹಾಸಕಾರರು ಇದಕ್ಕೆ ಆಧಾರನೇ ಇಲ್ಲ ಅಂತ ಉಗಿದ್ರು, ಡಚ್ ಪ್ರಕಾಶಕರು ಪುಸ್ತಕನೇ ವಾಪಸ್ ತಗೊಂಡ್ರು. "ಓ, ಅದೂ ಇಲ್ವಾ" ಅಂದ್ರು ಭಾವ. ಡೈರಿ ಹಾಳೆ ಆರಿಸಿ ಎತ್ತಿಟ್ಟ ಮೀಪ್, ಬೆಪ್ ಬಗ್ಗೆ, ಒಂದು ಪುಟನೂ ಓದದೆ ಮೇಜಿನ ಡ್ರಾಯರ್‌ನಲ್ಲಿ ಕಾಪಾಡಿ ಒಟ್ಟೋ ಕೈಗೆ ಕೊಟ್ಟ ಮೀಪ್ ಬಗ್ಗೆ ಒಂದು ಪ್ರಶ್ನೆನೂ ಇಲ್ಲ. ನೂರು ವರ್ಷ ಬದುಕಿದ್ರು ಆಕೆ, 2010ರಲ್ಲಿ ತೀರ್ಕೊಂಡ್ರು. ಹಿಡ್ಕೊಟ್ಟವರು ಯಾರು ಅಂತ ಮಾತ್ರ ಬೇಕು ನಮಗೆ, ಧಾರಾವಾಹಿ ನೋಡಿ ನೋಡಿ.

ಇರ್ಲಿ. ಮುಂದಿನ ತಿಂಗಳು ಯಜಮಾನರ ಚಿಕ್ಕಮ್ಮನ ಕಡೆಯವರು ಬರ್ತಿದಾರೆ. ಈ ಸಲ ಟಿಕೆಟ್ ತೆಗೆಯೋಕೆ ಮುಂಚೆ ಎಲ್ಲರನ್ನೂ ಕೇಳ್ತೀನಿ, ತುಂಬಿದ ರೂಮ್ ಬೇಕಾ ಖಾಲಿ ರೂಮ್ ಬೇಕಾ ಅಂತ. ತುಂಬಿದ್ದು ಬೇಕು ಅನ್ನೋರಿಗೆ ಡಾಮ್ ಚೌಕದಲ್ಲೇ ಮೇಡಂ ಟುಸ್ಸಾಡ್ಸ್ ಇದೆ, ಮೇಣದ ಗೊಂಬೆ ಹೆಗಲ ಮೇಲೆ ಕೈ ಹಾಕಿ ಎಷ್ಟು ಬೇಕಾದ್ರೂ ಸೆಲ್ಫಿ ತಗೋಬಹುದು, ದುಡ್ಡು ನಾನೇ ಕೊಡ್ತೀನಿ.