ಮದರ್‌ಬೋರ್ಡ್ ಹೋಗಿದೆಯಂತೆ!

ಲೈಟ್ ಹತ್ತುತ್ತೆ, ಫ್ಯಾನ್ ತಿರುಗುತ್ತೆ, ಲ್ಯಾಪ್‌ಟಾಪ್ ಪರದೆ ಮಾತ್ರ ಕಗ್ಗತ್ತಲು. ಇವತ್ತೂ ರಿಪೇರಿ ಅಂಗಡಿಯಲ್ಲಿ, ಒಂದು ಸ್ಕ್ರೂ ಬಿಚ್ಚುವ ಮೊದಲೇ ಅದೇ ತೀರ್ಪು: "ಮದರ್‌ಬೋರ್ಡ್ ಹೋಗಿದೆ ಸಾರ್, ಹೊಸದೇ ತಗೊಳ್ಳಿ." ಯಂತ್ರದ ಮುಖ್ಯ ಸರ್ಕ್ಯೂಟ್ ಬೋರ್ಡೇ ಸತ್ತಿದೆ ಅಂತ ಬಿಚ್ಚದೇ ಹೇಳೋಕೆ ದಿವ್ಯದೃಷ್ಟಿ ಏನಾದ್ರೂ ಇದೆಯಾ ಇವರಿಗೆ?

ಚಾರ್ಜರ್ ಕಿತ್ತು ಪವರ್ ಬಟನ್ 30 ಸೆಕೆಂಡ್ ಅದುಮಿ ಹಿಡಿದು ನೋಡಿದ್ರಾ? ಇಲ್ಲ. ಬ್ಯಾಟರಿ ಕನೆಕ್ಟರ್ ಕಳಚಿ, ರ‍್ಯಾಮ್ (ಮೆಮೊರಿ ಪಟ್ಟಿ) ತೆಗೆದು ಒರೆಸಿ ಮತ್ತೆ ಕೂರಿಸಿದ್ರಾ? 2 ರ‍್ಯಾಮ್ ಇದ್ರೆ ಒಂದೊಂದೇ ಹಾಕಿ, ಸ್ಲಾಟ್ ಬದಲಿಸಿ ನೋಡಿದ್ರಾ? ಅಷ್ಟು ಪುರುಸೊತ್ತು ಯಾರಿಗಿದೆ! ಕೆಲವು ಮಾಡೆಲ್‌ಗಳಲ್ಲಿ ಕ್ಯಾಪ್ಸ್ ಲಾಕ್ ಲೈಟು ಮಿಟುಕಿ ಮಿಟುಕಿ ಕಾಯಿಲೆಯ ಹೆಸರನ್ನೇ ಹೇಳ್ತಿರುತ್ತೆ, ಪಾಪ. ಎಣಿಸೋರು ಬೇಕಲ್ಲ? ಟಾರ್ಚ್ ಬಿಟ್ಟಾಗ ಪರದೆಯಲ್ಲಿ ಮಸುಕಾಗಿ ಅಕ್ಷರ ಕಂಡ್ರೆ ಹೋಗಿರೋದು ಬ್ಯಾಕ್‌ಲೈಟ್ (ಪರದೆ ಹಿಂದಿನ ದೀಪ) ಕಡೆ. ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಕೊಟ್ಟಾಗ ಚಿತ್ರ ಬಂತು ಅಂದ್ರೆ ಬೋರ್ಡ್ ಬದುಕಿದೆ ಸ್ವಾಮಿ!

ಇನ್ನು ಪುಕ್ಕಟೆ ಪಂಡಿತರು. 65 ವ್ಯಾಟ್ ಬೇಡುವ ಯಂತ್ರಕ್ಕೆ 18 ವ್ಯಾಟ್ ಮೊಬೈಲ್ ಚಾರ್ಜರ್ ಚುಚ್ಚಿ "ಬ್ಯಾಟರಿ ಸತ್ತಿದೆ" ಅಂತಾರೆ. ಇನ್ನೊಬ್ಬರು "ವೈರಸ್ ಇರ್ಬೇಕು, ಫಾರ್ಮ್ಯಾಟ್ ಹೊಡೆಸಿ." ಕಂಪನಿ ಲೋಗೋನೇ ಬರದ ಯಂತ್ರಕ್ಕೆ ವಿಂಡೋಸ್ ಏನು ಮಂತ್ರ ಹಾಕಿ ಇಳಿಸ್ತೀರಾ?